ರಸ್ತೆ ಮೇಲಿನ ಹುರುಳಿ

“ನಾನು ಕದ್ದಿಲ್ಲ ಕಣಕ್ಕಾ, ನೀವಾದ್ರೂ ನಂಬಿ” ಎಂದು ಮುನಿರತ್ನಮ್ಮ ನಮ್ಮ ಜಗಲಿಯ ಮೇಲೆ ಕುಸಿದಾಗ ನನ್ನ ಓರಗಿತ್ತಿ ಶಶಿರೇಖಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ದೊಡ್ಡಬೆಳವಂಗಲದಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಅವರ ಹತ್ತಿರ. ಅವರ ಹಿಂದೆ ಬಾಯಿ ಮುಚ್ಚದೆ ಹೋಗುವವಳು ನಾನು, ಪ್ರಮೋದಾ.

ಮುನಿರತ್ನಮ್ಮನದು ಮುಖ್ಯರಸ್ತೆಯ ಬದಿಯ ಟೀ ಅಂಗಡಿ. ಕೀರ್ತನ ಎಂಬ ಕಾಲೇಜು ಹುಡುಗಿ ಕೆಲವು ದಿನಗಳಿಂದ ಅಲ್ಲಿ ಫೋಟೊ ತೆಗೆಯುತ್ತಿದ್ದಳು: ಲಾರಿಗಳು, ಬಸ್‌ಸ್ಟಾಪು, ಪಂಕ್ಚರ್ ಅಂಗಡಿ, ಹುರುಳಿ ಒಕ್ಕಣೆ. ನಮ್ಮಲ್ಲಿ ಕಿತ್ತ ಹುರುಳಿಯನ್ನು ರಸ್ತೆಗೆ ಹರಡಿಬಿಡುತ್ತಾರೆ, ಗಾಡಿಗಳ ಚಕ್ರವೇ ಕಾಳು ಬಿಡಿಸುತ್ತದೆ. ಹೋದ ವಾರ ಅದರ ಮೇಲೆ ಬೈಕೊಂದು ಜಾರಿದ್ದಕ್ಕೆ ಪೊಲೀಸರು ಬಂದು, ಇನ್ನು ಹರಡಿದರೆ ಕೇಸು ಎಂದು ಬೈದು ಹೋಗಿದ್ದರು. ನಿನ್ನೆ ಕೀರ್ತನ ಅಂಗಡಿಯ ಬೆಂಚಿನ ಮೇಲೆ ಸಾಮಾನಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಕ್ಯಾಮೆರಾ ಮಾಯ; ಅನುಮಾನ ಮುನಿರತ್ನಮ್ಮನ ಮೇಲೆ. ಇವತ್ತು ಸಂಜೆಯೊಳಗೆ ಅದು ಸಿಗದಿದ್ದರೆ ಅಂಗಡಿ ಎತ್ತು ಎಂದು ಜಾಗದ ಯಜಮಾನ ಕಾಂತರಾಜು ಹೇಳಿಬಿಟ್ಟಿದ್ದ. ಆ ಅಂಗಡಿ ಹೋದರೆ ಪಾಪ, ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

ಜಾಗ ಬಿಡಿಸಲು ಅವನೇ ಎತ್ತಿರುತ್ತಾನೆ ಎಂದು ನಾನು ದಾರಿಯುದ್ದಕ್ಕೂ ಕಿಡಿಕಾರಿದೆ. ಅಕ್ಕ ನೇರ ಟೀ ಅಂಗಡಿಗೆ ನಡೆದರು.

ಕೀರ್ತನಳನ್ನು ವಿಚಾರಿಸಿದರೆ, ಪಕ್ಕದಲ್ಲಿದ್ದ ಪರ್ಸು, ಫೋನು ಹಾಗೇ ಇದ್ದವಂತೆ. ಅಕ್ಕ ಬರಿದಾದ ರಸ್ತೆ ನೋಡಿ, ಅಂಗಡಿ ಎದುರು ಒಕ್ಕಣೆಗೆ ಹರಡಿದ್ದ ಪಾಪಕ್ಕನ ಹುರುಳಿ ಎಲ್ಲಿ ಎಂದು ಕೇಳಿದರು. ನಿನ್ನೆ ಮಧ್ಯಾಹ್ನವೇ ಎತ್ತಿ ರಾಶಿ ಹಾಕಿ ಟಾರ್ಪಾಲು ಮುಚ್ಚಿದಳು, ಇನ್ನೂ ಅರ್ಧ ಕಾಳೂ ಬಿಟ್ಟಿರಲಿಲ್ಲ ಎಂದಳು ಮುನಿರತ್ನಮ್ಮ. ಬಿಸಿಲೋ ಎರಡು ದಿನದಿಂದ ಚುರುಗುಟ್ಟುತ್ತಿತ್ತು.

ಸಂಜೆ ಅಕ್ಕ ಎಲ್ಲರನ್ನೂ ಅಂಗಡಿಗೆ ಕರೆಸಿದರು.

“ಕಳ್ಳ ಆಗಿದ್ರೆ ಪರ್ಸು ಬಿಡ್ತಿರ್ಲಿಲ್ಲ. ಕಾಂತರಾಜು ಆಗಿದ್ರೆ ಕ್ಯಾಮೆರಾನ ಈ ಅಂಗಡೀಲೇ ಬಚ್ಚಿಟ್ಟು, ತಾನೇ ಹುಡುಕಿ ತೋರಿಸ್ತಿದ್ದ. ಎತ್ತಿದೋರಿಗೆ ದುಡ್ಡು ಬೇಕಿರ್ಲಿಲ್ಲ, ಫೋಟೊ ಕಂಡ್ರೆ ಭಯ ಇತ್ತು. ಇಂಥ ಬಿಸಿಲಲ್ಲಿ ಅರ್ಧ ಒಕ್ಕಿದ ಹುರುಳಿ ಯಾರಾದ್ರೂ ಎತ್ತುತ್ತಾರಾ, ಪಾಪಕ್ಕ?”

ಪಾಪಕ್ಕ ಎದ್ದು ಹೋಗಿ, ರಾಶಿಯೊಳಗೆ ಕೈ ಹಾಕಿ ಕ್ಯಾಮೆರಾ ತಂದಿಟ್ಟಳು.

“ದಿನಾ ನನ್ ಹುರುಳಿ ಫೋಟೊ ಹಿಡೀತಿದ್ಲು. ಕೇಸ್ ಹಾಕೋಕೆ ಬಂದೋಳು ಅಂದ್ಕೊಂಡೆ. ಮುನಿರತ್ನನ್ ಮೇಲೆ ಬಂತು ಅಂತ ಗೊತ್ತಾದ್ಮೇಲೆ ನಾಲ್ಗೆನೇ ಏಳ್ಲಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಕೀರ್ತನ ಕ್ಯಾಮೆರಾ ಒರೆಸಿ, ಮೊದಲೇ ತೆಗೆದಿದ್ದ ಒಂದು ಫೋಟೊ ಹುಡುಕಿ ಪಾಪಕ್ಕನ ಮುಂದೆ ಹಿಡಿದಳು. ಹುರುಳಿಯ ಪಕ್ಕ ಪಾಪಕ್ಕ ಕೂತಿದ್ದಾಳೆ. ಮುನಿರತ್ನಮ್ಮ ಬಗ್ಗಿ ಅವಳ ಲೋಟಕ್ಕೆ ಟೀ ಬಗ್ಗಿಸುತ್ತಿದ್ದಾಳೆ. ಹಿಂದೆ ಲಾರಿಯೊಂದು ಹೋಗುತ್ತಿದೆ.

ಪಾಪಕ್ಕ ಅದನ್ನು ನೋಡಿ ಗಳಗಳನೆ ಅತ್ತಳು. ಕಾಂತರಾಜು ತಲೆ ತಗ್ಗಿಸಿ, ಅಂಗಡಿ ಎಲ್ಲೂ ಹೋಗಲ್ಲ ಎಂದ. ಮುನಿರತ್ನಮ್ಮ ಅಕ್ಕನ ಎರಡೂ ಕೈ ಹಿಡಿದು, ನಿಮ್ಮ ಋಣ ಹೆಂಗೆ ತೀರಿಸಲಿ ಎಂದಳು. ಒಂದು ಟೀ ಹಾಕು, ಸಕ್ಕರೆ ಕಮ್ಮಿ ಇರಲಿ ಎಂದರು ಅಕ್ಕ. ಅವಳು ಒಲೆ ಹಚ್ಚಿ, ಮೊದಲ ಲೋಟವನ್ನು ಪಾಪಕ್ಕನಿಗೇ ಕೊಟ್ಟಳು. ನನ್ನ ಕೋಪ ಅಲ್ಲಿಗೆ ಇಳಿಯಿತು.

ಪಾಪಕ್ಕ ಕಣ್ಣೊರೆಸಿಕೊಂಡು ಕೀರ್ತನಳ ಕಡೆ ತಿರುಗಿದಳು.

“ಆ ಫೋಟೊ ಅಳಿಸ್ಬ್ಯಾಡ ಕಣವ್ವಾ.”