ಸಾಂಟಿನಾಳ ಮನೆ ಎದ್ದ ಬೆಳಗು

ಮನೆ ಎದ್ದಿತು!

ನಾನು ಏಳುವ ಮೊದಲೇ ಅದು ಎದ್ದಿತು.

ಮಂಚ ಜಾರಿ ಗೋಡೆಗೆ ಬಡಿಯಿತು. ನಾನು ಮಂಚದಿಂದ ಜಾರಿ ನೆಲಕ್ಕೆ ಬಡಿದೆ. ಕೆಳಗೆ ಎಂಜಿನ್ ಗುರುಗುಟ್ಟುತ್ತಿತ್ತು. ಕಿಟಕಿಯಿಂದ ಇಣುಕಿದೆ. ನಿನ್ನೆ ಕಣ್ಣ ಮಟ್ಟದಲ್ಲಿದ್ದ ಮಾವಿನ ಕೊಂಬೆ ಇಂದು ಕಾಲ ಮಟ್ಟದಲ್ಲಿತ್ತು...

ಮೆಟ್ಟಿಲು ಮಾಯ! ಮನೆಯಡಿ ಜಾಕುಗಳು. ಜಾಕುಗಳ ನಡುವೆ ಉದ್ದನೆಯ ಟ್ರಕ್.

ಅದರ ಪಕ್ಕ ಡಾರಿಯೊ ಜಪ್ಪಾಲಾ.

ನಗಬೇಡಿ. ಸಮುದ್ರದಂಚಿನ ನಮ್ಮ ಇನಿಸ್‌ಫೇಲ್ ಊರಿನ ಕಡೆ ಮರದ ಮನೆಗಳು ಗೂಟಗಳ ಮೇಲೆ ನಿಂತಿರುತ್ತವೆ. ಬೇಕಾದಾಗ ಎತ್ತುತ್ತೇವೆ, ಬೇಕಾದಲ್ಲಿ ಇಳಿಸುತ್ತೇವೆ. ಅದಕ್ಕೇ ಮುದುಕಿ ಸಾಂಟಿನಾ ಸಾಯುವ ಮುನ್ನ ಬರೆದಿಟ್ಟಳು: ನೆಲ ಮಗ ಡಾರಿಯೊಗೆ, ಮನೆ ಮಗಳು ಲೊರೆನಾಗೆ. ಕೊನೆಗಾಲದಲ್ಲಿ ಅವಳ ಕಾಲು ತೊಳೆದವಳು ಲೊರೆನಾ ಒಬ್ಬಳೇ. ಲೊರೆನಾಗೆ ತುಂಡು ಜಾಗವಿದೆ, ಅದರ ಮೇಲೆ ಸೂರಿಲ್ಲ.

ಉಯಿಲು ಜಾರಿ ಮಾಡುವ ಹೊಣೆ ನನಗೆ. "ಕ್ಲೆಮ್, ನನ್ನ ಮಗ ಹೆದರೋದು ನಿನಗೊಬ್ಬನಿಗೇ ಕಣೋ" ಅಂದಿದ್ದಳು ಮುದುಕಿ. ಉಯಿಲಿಗೆ ಕೋರ್ಟಿನ ಮುದ್ರೆ ಬೀಳುವವರೆಗೂ ಮನೆ ಕಾಯಬೇಕು. ಆ ಮುದ್ರೆಗಾಗಿಯೇ ಟೌನ್ಸ್‌ವಿಲ್‌ನ ಕೋರ್ಟಿಗೆ ಹೋಗಿದ್ದೆ. ರಾತ್ರಿ ಮಳೆಯಲ್ಲಿ ಯಾರದೋ ಕಾರಿನಲ್ಲಿ ಬಂದಿಳಿದು ನೇರ ಮಲಗಿದ್ದೆ. ಮನೆಯಡಿ ಬಗ್ಗಿ ನೋಡಿರಲಿಲ್ಲ.

"ಡಾರಿಯೊ!" ಕೂಗಿದೆ. "ಮನೆ ಎಲ್ಲಿಗೋ?"

ಅವನ ಮುಖ ಸುಣ್ಣವಾಯಿತು.

"ನೀನು... ಊರಲ್ಲಿಲ್ಲ ಅಂದ್ರಲ್ಲ!"

"ಹಳೇ ಮರದ ಮನೆ ಕೊಳ್ಳೋ ಆ ಬೆಟ್ಟದ ಮೇಲಿನ ರೆಸಾರ್ಟಿಗೆ ಮಾರಿದೆಯಾ?"

ಏಣಿ ಬಂತು. ಏಣಿಯ ಮೇಲೆ ಡಾರಿಯೊ ಬಂದ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್!

"ಇಳೀತೀಯೋ, ಇಳಿಸ್ಲೋ?"

ಏಣಿ ತಳ್ಳಿದೆ. ಅಷ್ಟರಲ್ಲಿ ಅವನು ಜಗುಲಿಗೆ ಹಾರಿದ್ದ. ಸ್ಪ್ಯಾನರ್ ಬೀಸಿದ. ತಲೆ ತಗ್ಗಿಸಿದೆ. ಬಾಗಿಲ ಚೌಕಟ್ಟು ಸೀಳಿತು.

ಓಡಿದೆ! ಅಡುಗೆಮನೆ... ನಡುಮನೆ... ಓರೆಯಾದ ನೆಲ, ಜಾರುವ ಕಾಲು. ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದೆ.

ಧಡ್! ಬಾಗಿಲ ಹಲಗೆ ಒಡೆಯಿತು.

ಬಚ್ಚಲ ಕಿಟಕಿಯಿಂದ ಕತ್ತು ಹೊರಹಾಕಿದೆ. ಟ್ರಕ್ಕಿನವನು ತಾವಿತಾ. ಸಮೋವಾ ದ್ವೀಪದವನು. ಬೆನ್ನೇ ಒಂದು ಬಾಗಿಲಿನಷ್ಟಗಲ.

"ತಾವಿತಾ! ಒಳಗೆ ಮನುಷ್ಯ ಇದ್ದಾಗ ಮನೆ ಹೊರಡಿಸ್ತೀಯಾ?"

"ಬೆಕ್ಕಿದ್ರೂ ಚಕ್ರ ಉರುಳಲ್ಲ ಅಣ್ಣಾ. ಮನೆ ಖಾಲಿ ಅಂದ ಇವನು. ಕೋರ್ಟಿನ ಮುದ್ರೆನೂ ಬಿತ್ತು ಅಂದ."

"ಎರಡೂ ಸುಳ್ಳು!"

ಎಂಜಿನ್ ಆರಿತು. ಬಾಗಿಲ ಬಡಿತವೂ ನಿಂತಿತು.

"ಡಾರಿಯೊ," ತಾವಿತಾನ ದನಿ ಮೆತ್ತಗಿತ್ತು. ಮೆತ್ತಗಿದ್ದದ್ದೇ ಭಯ. "ಸ್ಪ್ಯಾನರ್ ನಂದು. ತಂದ್ಕೊಡು."

ತಾವಿತಾ ಮತ್ತೆ ಇಟ್ಟ ಏಣಿ ಇಳಿದು ತಂದುಕೊಟ್ಟ.

"ಮನೆ ಮತ್ತೆ ಅಲ್ಲೇ ಇಳಿಸಪ್ಪ" ಅಂದೆ.

ತಾವಿತಾ ತಲೆ ಕೆರೆದುಕೊಂಡ. "ಯಾವುದರ ಮೇಲೆ? ಹಳೇ ಗೂಟ ಎಲ್ಲಾ ಇವನು ನಿನ್ನೆಯೇ ಕಡಿಸಿ ಹಾಕ್ಸಿದಾನೆ."

ಡಾರಿಯೊ ಹಲ್ಲು ಕಿರಿದ. "ಈಗೇನು ಮಾಡ್ತೀಯ ಕ್ಲೆಮ್? ಆಕಾಶ ನೋಡು. ಗಾಳಿ ಬಂದ್ರೆ ಜಾಕಿನ ಮೇಲಿರೋ ಮನೆ ಪುಡಿಪುಡಿ! ರೆಸಾರ್ಟಿಗೆ ಕಳಿಸೋದೇ ವಾಸಿ."

ಸಮುದ್ರದ ಕಡೆ ನಿಜಕ್ಕೂ ಕಪ್ಪಾಗಿತ್ತು. ಮೊದಲ ಗಾಳಿಗೆ ಮನೆ ನರಳಿತು...

ಲೊರೆನಾಗೆ ಫೋನ್ ಹಚ್ಚಿದೆ.

"ತಾಯಿ, ನಿನ್ನ ಜಾಗದಲ್ಲಿ ಗೂಟ ನೆಡಿಸಿದ್ದೆಯಲ್ಲ?"

"ನೆಡ್ಸಿ ಆಯ್ತಲ್ಲ. ಮುದ್ರೆ ಬೀಳ್ಲಿ ಅಂತ ಕಾಯ್ತಿದೀನಿ. ಯಾಕೆ ಕ್ಲೆಮ್?"

"ಕಾಫಿಗಿಡು. ಮನೆ ಬರ್ತಿದೆ. ಸದ್ಯಕ್ಕೆ ಕಾಪಾಡೋಕೆ ಅಷ್ಟೇ, ನಿನ್ನದು ಅಂತ ಇನ್ನೂ ಕುಣೀಬೇಡ!"

ತಾವಿತಾ ನಕ್ಕ. "ಆ ಕಬ್ಬು ಸಾಗಿಸೋ ರೈಲಿನ ಹಳಿ ಪಕ್ಕದ ಜಾಗ ತಾನೆ? ಬೆಟ್ಟದ ದಾರೀಲೇ ಇದೆ. ದಾರಿಗೆ ಪರವಾನಗಿ ಇದೆ. ಸಾಗಿಸೋ ಕೂಲಿ ಆಗಲೇ ಡಾರಿಯೊ ಕೊಟ್ಟಿದಾನೆ."

"ಏಯ್! ಅದು ನನ್ನ ದುಡ್ಡು!"

"ತಂಗಿಗೆ ಅಣ್ಣನ ಉಡುಗೊರೆ ಅಂದ್ಕೋ" ಅಂದೆ ಏಣಿ ಇಳಿಯುತ್ತಾ.

ಮನೆ ಹೊರಟಿತು. ಕಬ್ಬಿನ ಗದ್ದೆಗಳ ನಡುವೆ, ಆನೆಯ ಹಾಗೆ ತೂಗುತ್ತಾ. ಕಿಟಕಿಯಲ್ಲಿ ಸಾಂಟಿನಾಳ ಪರದೆ ಹಾರುತ್ತಿತ್ತು.

ಬೋಳು ನೆಲದ ನಡುವೆ ಡಾರಿಯೊ ಒಬ್ಬನೇ ನಿಂತಿದ್ದ.

"ಹೋಗ್ಲಿ ಬಿಡು! ಈ ನೆಲವಾದ್ರೂ ನಂದು ತಾನೆ?"

"ಅದಕ್ಕೂ ಮುದ್ರೆ ಬೀಳಬೇಕು ಕಣೋ" ಅಂದೆ. "ಅಲ್ಲೀತನಕ ಇದರ ಕಾವಲೂ ನಂದೇ... ಬೇಲಿ ಆಚೆ ನಡಿ!"