ಕೇತಮಲ್ಲನ ರಣವೀಳ್ಯ

ಸಿರಿವಳಲು ನಗರದ ಮಹಾದ್ವಾರದೆದುರು ಅಂದು ಬೆಳಗಿನಿಂದಲೇ ಜನಸಾಗರ ನೆರೆದಿತ್ತು. ನೇಕಾರರು ಮಗ್ಗ ನಿಲ್ಲಿಸಿ, ಹೂವಾಡಿಗರು ಬುಟ್ಟಿ ಮುಚ್ಚಿ, ಮದುವೆಯ ದಿಬ್ಬಣ ನೋಡುವ ಸಂಭ್ರಮದಲ್ಲಿ ಬಂದಿದ್ದರು. ಅರಸನು ತೀರಿಕೊಂಡು ಹದಿಮೂರು ದಿನವೂ ಕಳೆದಿರಲಿಲ್ಲ. ಅಮಾತ್ಯ ರೇಚಯ್ಯನ ಸಂಚಿನಿಂದ ಪಟ್ಟ ತಪ್ಪಿದ ಹಿರಿಯ ಕುಮಾರ ಉದಯಾರಸನು ಕಿರುಗಲ್ಲು ದುರ್ಗವನ್ನು ಸೇರಿದ್ದನು. ಕಿರಿಯ ಕಲಿಯರಸನು ಅಣ್ಣನ ಮೇಲೆಯೇ ದಂಡೆತ್ತಲು ಸಿದ್ಧನಾಗಿದ್ದನು. ಆ ದುರ್ಗದಲ್ಲಿ ಈ ಊರಿನ ಅರ್ಧ ಮನೆಗಳ ಮಕ್ಕಳಿದ್ದಾರೆಂಬುದು ಜಯಘೋಷ ಮಾಡುತ್ತಿದ್ದವರಲ್ಲಿ ಒಬ್ಬನಿಗಾದರೂ ನೆನಪಿರಬೇಡವೇ!

ದಂಡನಾಯಕ ಕೇತಮಲ್ಲನಿಗೆ ನೆನಪಿತ್ತು. ಅವನ ತಮ್ಮನೂ ಅಲ್ಲಿಯೇ ಕಾವಲಿದ್ದನು. ಮೂರು ದಿನ ಬೀದಿ ಬೀದಿ ತಿರುಗಿ ಸಂಧಿಯ ಮಾತಾಡಿದ್ದಕ್ಕೆ ಅವನಿಗೆ ದೊರೆತದ್ದು ಹೇಡಿಯೆಂಬ ಬಿರುದು.

ರೇಚಯ್ಯನು ಹೊನ್ನ ಹರಿವಾಣದಲ್ಲಿ ರಣವೀಳ್ಯವನ್ನು ಮುಂದೊಡ್ಡಿದನು. “ದಂಡನಾಯಕರೇ, ಪ್ರಜೆಗಳೆಲ್ಲರೂ ಯುದ್ಧವನ್ನು ಬಯಸಿದ್ದಾರೆ. ಇನ್ನೇಕೆ ತಡ?”

ವೀಳ್ಯ ಹಿಡಿದವನು ತಾನೇ ಆರಿಸಿದ ಪುರಜನನೊಬ್ಬನಿಗೆ ಎಲೆಯ ಚೂರನ್ನು ಕೊಡಬೇಕು. ಅದನ್ನು ತಿಂದವನು ಸೇನೆಯ ಮುಂದೆ ಅವನ ಪಕ್ಕದಲ್ಲಿ ನಡೆಯಬೇಕು. ಆಮೇಲೆಯೇ ಭೇರಿ ಮೊಳಗಬೇಕು. ಇದು ಸಿರಿವಳಲಿನ ಪೂರ್ವಪದ್ಧತಿ.

ಕೇತಮಲ್ಲನು ವೀಳ್ಯವನ್ನೆತ್ತಿದನು. ಜನ ಹುಚ್ಚೆದ್ದು ಕುಣಿದರು. ಅವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ ಗಾಣಿಗರ ಮಾಚಿಸೆಟ್ಟಿಯೆದುರು ನಿಂತು ಎಲೆಯ ಚೂರನ್ನು ನೀಡಿದನು.

“ತೆಗೆದುಕೊಳ್ಳಿ ಸೆಟ್ಟಿಯವರೇ. ನಿಮ್ಮ ಅಳಿಯನಿರುವ ಕೋಟೆಗೆ ಒಟ್ಟಿಗೇ ಹೋಗೋಣ.”

ಮಾಚಿಸೆಟ್ಟಿಯ ಕೈ ಬೆನ್ನ ಹಿಂದೆ ಸರಿಯಿತು. “ನಂದೇನು ಸ್ವಾಮಿ... ಗಾಣದ ಎತ್ತು ಕಟ್ಟಿ ಬಂದಿದೀನಿ.”

ಮುಂದಿನವನಿಗೆ ಮಂಡಿನೋವು, ಅವನಾಚೆಯವನಿಗೆ ಮಗಳ ಮದುವೆ. ನೋಡನೋಡುತ್ತ ದ್ವಾರದೆದುರು ಬಯಲಾಯಿತು. ಕೂಗು ಮಾತ್ರ ನಿಂತಿತೇ? ಇಲ್ಲ, ಅದು ಮಾಳಿಗೆಗಳ ಮೇಲೇರಿತು! ಇಂಥ ಜನಕ್ಕೆ ಏನೆನ್ನಬೇಕು!

ಸಂಜೆಯವರೆಗೂ ಕೇತಮಲ್ಲನು ಕೈನೀಡಿಕೊಂಡೇ ನಿಂತಿದ್ದನು. ಭೇರಿ ಮೊಳಗಲಿಲ್ಲ, ಸೇನೆ ಬಾಗಿಲು ದಾಟಲಿಲ್ಲ. ರೇಚಯ್ಯನು ಹಲ್ಲು ಕಡಿಯುತ್ತ, ರಾಜದ್ರೋಹಿಯೆಂದು ಅವನಿಗೆ ಸಂಕೋಲೆ ತೊಡಿಸಿದನು.

“ನಾಳೆ ಬೇರೊಬ್ಬನು ವೀಳ್ಯ ಹಿಡಿಯುತ್ತಾನೆ. ನಿಮ್ಮ ತಲೆ ಮಾತ್ರ ಉಳಿಯುವುದಿಲ್ಲ.”

“ಹಿಡಿಯಲಿ, ಅಮಾತ್ಯರೇ. ಇಂದೊಂದು ದಿನ ನನ್ನ ತಮ್ಮ ಬದುಕಿದ್ದಾನೆ. ಸೆಟ್ಟಿಯ ಅಳಿಯನೂ ಬದುಕಿದ್ದಾನೆ.”

ಗಾಣಿಗರ ಬೀದಿಯಲ್ಲಿ ಅವನನ್ನು ನಡೆಸಿಕೊಂಡು ಹೋಗುವಾಗ ಮೇಲುಮಾಳಿಗೆಯ ಕಿಟಕಿಯಿಂದ “ದ್ರೋಹಿ!” ಎಂಬ ಕೂಗು ಕೇಳಿಬಂತು. ದನಿ ಮಾಚಿಸೆಟ್ಟಿಯದೇ. ಕೇತಮಲ್ಲನು ತಲೆಯೆತ್ತಿ, ಬಾಡಿದ ಎಲೆಯ ಚೂರಿದ್ದ ಕೈಯನ್ನು ಸಂಕೋಲೆಸಮೇತ ಅತ್ತ ನೀಡಿದನು.

ಕಿಟಕಿ ಮುಚ್ಚಿಕೊಂಡಿತು.