ಕುಣಿಗಲ್ ಹಲ್ಲಿ

ರೂಪಶ್ರೀಗೆ ಶಾಲು ಹೊದಿಸಿದ್ದನ್ನು ಅಂಜನಮೂರ್ತಿ ಬೇಕಾದರೆ ಕ್ಷಮಿಸುತ್ತಿದ್ದ. ಪೇಟ ತೊಡಿಸಿದ್ದನ್ನೂ ಕ್ಷಮಿಸುತ್ತಿದ್ದ. ಆದರೆ ಹಾರ ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ತನಗೇ ವಹಿಸಿದರಲ್ಲ, ಅದನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸಲಾರ. ಕ್ಯಾತ್ಸಂದ್ರದ ಆ ಖಾಸಗಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳಿ ಹೇಳಿ ಅವನ ತಲೆ ಬೋಳಾಗಿತ್ತು. ಪೇಟ ನಿಜವಾಗಿ ಬೇಕಾಗಿದ್ದ ತಲೆ ಅವನದು. ಅದನ್ನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೆ ತೊಡಿಸಿದರು, ಅದೂ ಒಂದು ಹಲ್ಲಿಯ ದೆಸೆಯಿಂದ!

ಕುಣಿಗಲ್ಲಿನ ಅಜ್ಜಿಯ ಅಡುಗೆಮನೆ ಗೋಡೆಯಿಂದ ರೂಪಶ್ರೀ ಹಿಡಿದು ತಂದ ಹಲ್ಲಿ ಅದು. ಬಚ್ಚಲು, ಮೋರಿಯಲ್ಲೆಲ್ಲ ಹರಿದಾಡಿದರೂ ಬಾಲ ಉದುರಿದ ಗಾಯ ಕೀವಾಗಲಿಲ್ಲವೇಕೆ ಎಂದು ಅವಳು ತಲೆ ಕೆಡಿಸಿಕೊಂಡಳು. ನೋಡಿದರೆ, ಯಾವ ಆಂಟಿಬಯಾಟಿಕ್‌ಗೂ ಜಗ್ಗದ ಒಂದು ಬ್ಯಾಕ್ಟೀರಿಯಾ ಈ ಹಲ್ಲಿಯ ಚರ್ಮ ತೊಳೆದ ನೀರಿಗೆ ಸಾಯುತ್ತಿತ್ತು. ಬೇರೆ ಹಲ್ಲಿಗಳ ನೀರಿಗೆ ಅದು ಕ್ಯಾರೇ ಅನ್ನಲಿಲ್ಲ. ಮುಂದಿನ ವಾರ ಬೆಂಗಳೂರಿನ ಔಷಧ ಕಂಪನಿಯವರು ಬರುವವರಿದ್ದರು. ಅವರು ಮೆಚ್ಚಿದರೆ ರೂಪಶ್ರೀಯೇ ವಿಭಾಗದ ಮುಖ್ಯಸ್ಥೆ. ಆಮೇಲೆ ರಜೆ ಅರ್ಜಿ ಹಿಡಿದು ಅವಳ ಮುಂದೆ ನಿಲ್ಲಬೇಕು. ಥೂ!

ಹಲ್ಲಿ ತಾನಾಗಿ ತಪ್ಪಿಸಿಕೊಂಡಂತೆ ಕಾಣಬೇಕು, ಆದರೆ ಗುಬ್ಬಿಯಲ್ಲಿದ್ದ ಅವನ ಮಾವನ ಮನೆ ಸೇರಬೇಕು. ಕೆಲವು ತಿಂಗಳು ಬಿಟ್ಟು ಅದನ್ನೇ 'ಗುಬ್ಬಿ ಹಲ್ಲಿ' ಎಂದು ತಾನು ಕಂಡುಹಿಡಿದರಾಯಿತು. ಕುಣಿಗಲ್ಲಿನದೋ ಗುಬ್ಬಿಯದೋ, ಹಲ್ಲಿಗೇನು ಆಧಾರ್ ಕಾರ್ಡ್ ಇದೆಯೇ? ಬಟವಾಡಿಯ ತನ್ನ ಮನೆಯ ಬಚ್ಚಲಲ್ಲಿ ಹಲ್ಲಿ ಹಿಡಿಯುವ ಅಭ್ಯಾಸವೂ ನಡೆಯಿತು. "ಏನ್ರೀ ಅದು, ಈ ವಯಸ್ಸಲ್ಲಿ ಹಲ್ಲಿ ಜೊತೆ ಕುಂಟೆಬಿಲ್ಲೆ?" ಎಂದು ಹೆಂಡತಿ ಕೇಳಿದ್ದಕ್ಕೆ ಬಚ್ಚಲ ಬಾಗಿಲು ಹಾಕಿಕೊಂಡ.

ಕಾಲೇಜಿನ ಗೋಡೆಯ ಮೇಲೆ ಬೇರೆ ಹಲ್ಲಿಗಳು ಓಡಾಡುತ್ತಿದ್ದರೆ, ತನ್ನದೂ ಇಲ್ಲೇ ಎಲ್ಲೋ ಇದೆ ಎಂದು ರೂಪಶ್ರೀ ಬಾಗಿಲು ಹಾಕಿ ಮೂಲೆ ಮೂಲೆ ಹುಡುಕಿಸಿಯಾಳು. ಒಂದೂ ಕಾಣದಿದ್ದರೆ ಕಿಟಕಿಯಿಂದ ಹೋಯಿತೆಂದು ಕೈಚೆಲ್ಲುತ್ತಾಳೆ. ಅದಕ್ಕೇ ಅವನು, ದೊಡ್ಡವರು ಬರುವಾಗ ಗೋಡೆ ಚೊಕ್ಕಟವಾಗಿರಬೇಕು ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿ, ವಾರವಿಡೀ ತಾನೇ ಏಣಿ ಹತ್ತಿ ಹಲ್ಲಿಗಳನ್ನು ಓಡಿಸಿದ. ಮತ್ತೆ ಬಾರದಂತೆ ಎಲ್ಲೆಲ್ಲೂ ನವಿಲುಗರಿ, ಮೊಟ್ಟೆಚಿಪ್ಪು ಸಿಕ್ಕಿಸಿದ. "ಈ ಬಿಲ್ಡಿಂಗ್‌ನಲ್ಲಿ ಇನ್ನೊಂದು ಹಲ್ಲಿ ಕಂಡ್ರೆ ನನ್ನ ಕೇಳಿ ಸಾರ್" ಎಂದು ಎದೆ ತಟ್ಟಿಕೊಂಡ. ಪ್ರಿನ್ಸಿಪಾಲ್ ಚನ್ನವೀರಯ್ಯನವರು ಮೆಚ್ಚಿ ಕಾಫಿ ತರಿಸಿದರು.

ಉಳಿದದ್ದು ಗೇಟು. ವಾಚ್‌ಮನ್ ಕದರಯ್ಯ ಎಲ್ಲರ ಚೀಲವನ್ನೂ ತಡಕುವವನು, ಆದರೆ ಉಂಡ ಡಬ್ಬಿಗೆ ಕೈ ಹಚ್ಚುವವನಲ್ಲ. "ಎಂಜಲು ಡಬ್ಬಿ ನಾನ್ಯಾಕ್ ಮುಟ್ಲಿ, ಹೋಗಿ ಸಾ" ಎನ್ನುತ್ತಿದ್ದ. ಸರಿ, ಟಿಫನ್ ಕ್ಯಾರಿಯರ್‌ನ ಮೇಲಿನ ಡಬ್ಬಿಗೆ ಮೂರ್ತಿ ಹತ್ತಿ ಹಾಸಿದ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ, ದಾರಿಖರ್ಚಿಗೆಂದು ಒಂದು ಜಿರಲೆಯನ್ನೂ ಇಟ್ಟ. ಕಳ್ಳನಾದರೇನು, ಅತಿಥಿಯನ್ನು ಉಪವಾಸ ಕೆಡವಬಾರದು.

ಎಲ್ಲರೂ ಊಟಕ್ಕೆ ಹೋದಾಗ ಕೆಲಸ ಹೂ ಎತ್ತಿದ ಹಾಗೆ ಮುಗಿಯಿತು. ಲ್ಯಾಬಿನ ಗಾಜಿನ ಪೆಟ್ಟಿಗೆಯಿಂದ ಹಲ್ಲಿ ಡಬ್ಬಿ ಸೇರಿತು. ಪೆಟ್ಟಿಗೆಯ ಮುಚ್ಚಳ ಓರೆ ಮಾಡಿ, ಕಿಟಕಿ ತೆರೆದಿಟ್ಟ. ಆದರೆ ಗೇಟು ಮುಟ್ಟುವ ಮೊದಲೇ ರೂಪಶ್ರೀ ಕಿರುಚಿದ್ದು ಕೇಳಿತು. ಪ್ರಿನ್ಸಿಪಾಲರು ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದರು. ಮೂರ್ತಿ ಕ್ಯಾರಿಯರನ್ನು ಮುಂದಿಟ್ಟುಕೊಂಡು, ಸಾವಿನ ಮನೆಗೆ ಬಂದವನ ಮುಖ ಮಾಡಿ ಕೂತ.

"ನಾಳೆ ಅವ್ರಿಗೆ ಏನ್ ತೋರಿಸ್ಲಿ ಸಾರ್? ಇಷ್ಟು ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ" ಎಂದು ರೂಪಶ್ರೀ ಅತ್ತಳು. ಅವನಿಗೆ ಒಂದು ಚೂರು ಅಯ್ಯೋ ಅನ್ನಿಸಿತು. ತಟ್ಟೆ ನೆನಪಾಯಿತು. ಗಟ್ಟಿಯಾದ.

"ಮೂರ್ತಿಗಳೇ, ಲ್ಯಾಬಿಂದ ಕಡೇಲಿ ಬಂದೋರು ನೀವೇ ಅಂತೆ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಕಿಟಕಿ ತೆಗೆದಿತ್ತು ಸಾರ್, ಆಚೆ ಓಡೋಗಿರ್ಬೇಕು. ನಮ್ಮಪ್ಪನಾಣೆ, ನಾನು ಅದನ್ನ ಮುಟ್ಟೂ ಇಲ್ಲ."

ಲೊಚ್, ಲೊಚ್, ಲೊಚ್.

ಹಲ್ಲಿ ನುಡಿದರೆ ಆಡಿದ ಮಾತು ಸತ್ಯ. ರೂಢಿಯಂತೆ ಎಲ್ಲರೂ ಬೆರಳ ತುದಿಯಿಂದ ಮೇಜು ಕುಟ್ಟಿದರು. "ಶಿವ ಶಿವ! ನೋಡಿದ್ರಾ, ಹಲ್ಲೀನೇ ನುಡೀತು. ಮೂರ್ತಿಗಳು ಹೇಳಿದ್ದು ನಿಜ ಬಿಡಿ" ಎಂದರು ಚನ್ನವೀರಯ್ಯನವರು. ಮೂರ್ತಿಗೆ ಎದ್ದು ಕುಣಿಯುವಷ್ಟು ಸಂತೋಷ. ಕದ್ದ ಮಾಲೇ ಕಳ್ಳನ ಪರ ಸಾಕ್ಷಿ ಹೇಳಿತ್ತು! ಹುಟ್ಟಿದಾಗಿನ ಅಭ್ಯಾಸ, ಅವನ ಬೆರಳೂ ಕೈಗೆ ಸಿಕ್ಕ ಕ್ಯಾರಿಯರ್ ಮುಚ್ಚಳವನ್ನು ಟಕಟಕ ಕುಟ್ಟಿತು.

ರೂಪಶ್ರೀಯ ಬೆರಳು ಮಾತ್ರ ಅರ್ಧಕ್ಕೇ ನಿಂತಿತು. ಅವಳು ಕಣ್ಣೊರೆಸಿಕೊಂಡು ಗೋಡೆಗಳನ್ನು ನೋಡಿದಳು. ನಾಲ್ಕು ಮೂಲೆಯಲ್ಲೂ ನವಿಲುಗರಿ. "ಅಲ್ಲಾ ಮೂರ್ತಿ ಸಾರ್, ಈ ಬಿಲ್ಡಿಂಗ್‌ನಲ್ಲಿದ್ದ ಹಲ್ಲೀನೆಲ್ಲ ನೀವೇ ಓಡಿಸಿದ್ರಲ್ಲ. ಮತ್ತೆ ಈಗ ನುಡಿದಿದ್ದು ಯಾವ್ದು?" ಮೂರ್ತಿ ಬಾಯಿ ತೆರೆದ. ಅವನ ಬದಲು ಕ್ಯಾರಿಯರ್‌ನ ಮೇಲಿನ ಡಬ್ಬಿ ಉತ್ತರ ಕೊಟ್ಟಿತು: ಲೊಚ್, ಲೊಚ್.